ಕತ್ತೆ ತುಂಬೆ ಬದುವಿನಲ್ಲಿರಲಿ, ಹಾವು ಕಚ್ಚಿದವರ ಬಾಯಿಗೆ ಬೇಡ



ಶಿಕಾರಿಪುರದ ಕುರುಚಲು ಕಾಡಿನಲ್ಲಿ, ಸೊರಬದ ಕಾನಿನಂಚಿನಲ್ಲಿ, ಬೀಳುಬಿಟ್ಟ ಹೊಲಗಳ ಬದುವಿನಲ್ಲಿ ಮೊಣಕಾಲೆತ್ತರದ ಒರಟು ಗಿಡವೊಂದನ್ನು ತಾವು ನೋಡಿರುತ್ತೀರಿ. ಎಲೆ, ಕಾಂಡಗಳ ತುಂಬ ಬಿರುಸು ರೋಮ. ತಿಳಿನೀಲಿ ಹೂವು ನೆಲದ ಕಡೆಗೆ ಮುಖ ಮಾಡಿ ಬಾಗಿರುತ್ತದೆ. ಇದೇ ಕತ್ತೆ ತುಂಬೆ. ಹೂವು ಹೀಗೆ ಬಾಗಿರುವುದರಿಂದಲೇ ಸಂಸ್ಕೃತದಲ್ಲಿ ಇದು ಅಧಃಪುಷ್ಪಿ. ಶಿವಪೂಜೆಯ ತುಂಬೆಗೂ ಇದಕ್ಕೂ ನೆಂಟಸ್ತನವಿಲ್ಲ. ಕೆರೆಯಂಗಳದ ಚೇಳುಕೊಂಡಿ ಗಿಡ ಇದರ ದಾಯಾದಿ.

ಈ ಗಿಡದ ಬೇರು, ಸೊಪ್ಪು ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆ ಹಳೆಯದು. ಕುಡಿಸಿದ ಮೇಲೆ ಬದುಕಿದವರನ್ನು ಕಂಡವರೂ ಇದ್ದಾರೆ. ಆದರೆ ಯೋಚಿಸಿ: ಕಚ್ಚುವ ಹಾವುಗಳಲ್ಲಿ ಎಷ್ಟೋ ವಿಷವಿಲ್ಲದವು. ವಿಷದ ಹಾವು ಸಹ ಕೆಲವೊಮ್ಮೆ ವಿಷವಿಳಿಸದೆ ಕಚ್ಚುತ್ತದೆ. ಅಂಥವರು ಯಾವ ಸೊಪ್ಪು ಕುಡಿದರೂ ಬದುಕುತ್ತಾರೆ, ಕುಡಿಯದಿದ್ದರೂ ಬದುಕುತ್ತಾರೆ. ಕೀರ್ತಿ ಮಾತ್ರ ಸೊಪ್ಪಿಗೆ. ನಾಗರ, ಕಟ್ಟುಹಾವು, ಕೊಳಕುಮಂಡಲಗಳ ವಿಷ ಮೈಗೇರಿದರೆ ಅರೆಯುತ್ತ ಕಳೆದ ಒಂದೊಂದು ಗಳಿಗೆಯೂ ಪ್ರಾಣಕ್ಕೆ ಎರವು.

ಇನ್ನೊಂದು ಅಪಾಯವೂ ಉಂಟು. ಈ ಕುಟುಂಬದ ಅನೇಕ ಗಿಡಗಳಲ್ಲಿ ಪಿತ್ತಜನಕಾಂಗವನ್ನು ಕೆಡಿಸುವ ವಿಷವಸ್ತುವಿದೆ. 1992–93ರಲ್ಲಿ ತಾಜಿಕಿಸ್ತಾನದಲ್ಲಿ ಚೇಳುಕೊಂಡಿಯ ಜಾತಿಯ ಕಳೆಬೀಜ ಗೋಧಿಯಲ್ಲಿ ಬೆರೆತು ಸಾವಿರಾರು ಮಂದಿ ಕಾಯಿಲೆ ಬಿದ್ದರು. ಆದ್ದರಿಂದ ಕತ್ತೆ ತುಂಬೆಯ ಕಷಾಯವನ್ನು ಮಕ್ಕಳಿಗೆ ಕುಡಿಸುವುದಾಗಲಿ, ಗಿಡವನ್ನು ಕೊಯ್ದು ಮೇವಿಗೆ ಬೆರೆಸುವುದಾಗಲಿ ತರವಲ್ಲ.

ಹಾವು ಕಚ್ಚಿದರೆ ಗಾಯ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಬಳೆ, ಉಂಗುರ ತೆಗೆಯಿರಿ. ಕೈಕಾಲು ಅಲುಗದಂತೆ ದಬ್ಬೆ ಕಟ್ಟಿ, ನಡೆಸದೆ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ವಿಷಕ್ಕೆ ಪ್ರತಿಮದ್ದು ಅಲ್ಲಿನ ಚುಚ್ಚುಮದ್ದೊಂದೇ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆಜ್ಞೆ ಮಾಡಿದೆ.

ಹಾಗೆಂದು ಗಿಡದ ಮೇಲೆ ಸಿಟ್ಟು ಬೇಡ. ಇದು ನಮ್ಮ ನೆಲದ್ದೇ ಹೂವು. ಜೇನು, ದುಂಬಿಗಳಿಗೆ ಆಸರೆ. ಬದುವಿಗೆ ಕಳೆನಾಶಕ ಹೊಡೆದು ಇದನ್ನು ಸುಡುವ ಅಗತ್ಯವಿಲ್ಲ. ಇರುವಲ್ಲಿ ಇರಲಿ.

ತಮ್ಮಲ್ಲಿ ಒಂದು ವಿನಂತಿ: ಈ ಪುಟ ಓದಿದ ಇಂದೇ ವಾಚನಾಲಯದ ಕರಿಹಲಗೆಯ ಮೇಲೆ 108 ಎಂದೂ, ಹತ್ತಿರದ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನೂ ದಪ್ಪಕ್ಷರದಲ್ಲಿ ಬರೆದಿಡಿ. ಓದು ಬಾರದವರಿಗೆ ಬಾಯಲ್ಲಿ ಹೇಳಿ.