ಒಂದೇ ಕಿವಿ ಮಂದವಾದರೆ ಮಗ್ಗವನ್ನು ದೂರಬೇಡಿ

ನವಿ ಪೇಠದ ಅಂಗಡಿಕಾರರೇ, ಅಲ್ಲಿ ದುಡಿಯುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,

ಕಿವಿ ಮಂದವಾಗುವುದು ನಮ್ಮ ಸೊಲ್ಲಾಪುರದಲ್ಲಿ ಸುದ್ದಿಯೇ ಅಲ್ಲ. ಚಾದರು, ಟವೆಲು ನೇಯುವ ಪವರ್‌ಲೂಮುಗಳ ಊರಿದು. ಅಪ್ಪ ಟಿವಿ ಜೋರು ಮಾಡಿದರೆ "ಮಗ್ಗದಾಗ ದುಡದ ಕಿವಿ" ಎಂದು ಸುಮ್ಮನಾಗುತ್ತೇವೆ. ಆದರೆ ಗದ್ದಲ ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಕೆಡಿಸುತ್ತದೆ. ಒಂದೇ ಕಿವಿ ಕೆಟ್ಟರೆ ಬೇರೆ ಕಾರಣ ಹುಡುಕಬೇಕು.

"ಈ ಕಿವಿಗೆ ಫೋನ್ ಹಚ್ಚಿದ್ರ ದನಿ ಕೇಳತದ, ಮಾತು ತಿಳಿಯಂಗಿಲ್ಲ" ಎಂದು ಯಾರಾದರೂ ಹೇಳಿದರೆ ನಗಬೇಡಿ. ಜೊತೆಗೆ ಅದೇ ಕಿವಿಯಲ್ಲಿ ಗುಂಯ್ ಸದ್ದು, ನಡೆಯುವಾಗ ತೂರಾಟ ಇದ್ದರೆ "ಪಿತ್ತ ಆಗೇದ" ಎಂದು ತೀರ್ಪು ಕೊಡಬೇಡಿ, ಕಿವಿಗೆ ಬಿಸಿ ಎಣ್ಣೆಯನ್ನಂತೂ ಹಾಕಲೇಬೇಡಿ. ಬಹುತೇಕರಲ್ಲಿ ಸಿಗುವುದು ಗುಗ್ಗೆಯೋ ಸೋಂಕೋ ಇನ್ನೊಂದೋ. ಅಪರೂಪಕ್ಕೊಬ್ಬರಲ್ಲಿ ಒಳಗಿವಿಯಿಂದ ಮಿದುಳಿಗೆ ಹೋಗುವ ನರದ ಮೇಲೆ ಗಡ್ಡೆ ಇರುತ್ತದೆ. ವೈದ್ಯರು ಅದನ್ನು ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ. ಹಳೆಯ ಹೆಸರು ಅಕೌಸ್ಟಿಕ್ ನ್ಯೂರೋಮಾ. ಅದು ಕ್ಯಾನ್ಸರ್ ಅಲ್ಲ. ನಿಧಾನವಾಗಿ, ಹಲವು ಸಲ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತದೆ. ಕೆಲವರಲ್ಲಿ ಬೆಳೆಯುವುದೇ ಇಲ್ಲ.

ಮೊದಲು ಬೇಕಾದದ್ದು ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ. ಸಿವಿಲ್ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಎರಡು ಕಿವಿಗಳ ನಡುವೆ ಕಾರಣ ಸಿಗದ ವ್ಯತ್ಯಾಸ ಕಂಡರೆ ಎಂಆರ್‌ಐ. ಖರ್ಚು ಉಳಿಸಲು ಸಿಟಿ ಸ್ಕ್ಯಾನ್ ಸಾಕೆನ್ನುವವರಿದ್ದಾರೆ. ಸಣ್ಣ ಗಡ್ಡೆ ಅದರಲ್ಲಿ ತಪ್ಪಿಹೋಗಬಹುದು.

ಗಡ್ಡೆ ಸಿಕ್ಕರೆ ತಲೆ ಕೊಯ್ಯಿಸಲೇಬೇಕೆಂದಿಲ್ಲ. ಚಿಕ್ಕದಿದ್ದರೆ ಆಗಾಗ ಎಂಆರ್‌ಐ ಮಾಡಿ ಕಾಯುವುದೂ ಚಿಕಿತ್ಸೆಯೇ. ಬೆಳೆಯುತ್ತಿದ್ದರೆ ಗಾಮಾ ನೈಫ್ ವಿಕಿರಣ. ಹೆಸರಿನಲ್ಲಿ ಚಾಕು ಇದ್ದರೂ ಕೊಯ್ತವಿಲ್ಲ. ಮುಂಬೈಯ ಹಿಂದೂಜಾದಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದಿದೆ. ನಮ್ಮ ಮಂದಿಗೆ ನಿಮ್ಹಾನ್ಸ್‌ನಲ್ಲಿ ಕನ್ನಡದಲ್ಲೇ ದುಃಖ ಹೇಳಿಕೊಳ್ಳುವ ಅನುಕೂಲವೂ ಉಂಟು. ಮಿದುಳುಕಾಂಡವನ್ನು ಒತ್ತುವಷ್ಟು ದೊಡ್ಡದಾದರೆ ಮಾತ್ರ ಶಸ್ತ್ರಚಿಕಿತ್ಸೆ ತಪ್ಪದು. ಮುಖದ ನರ ಪಕ್ಕದಲ್ಲೇ ಹಾಯುವುದರಿಂದ ಗಡ್ಡೆ ದೊಡ್ಡದಾದಷ್ಟೂ ಬಾಯಿ ಸೊಟ್ಟಾಗುವ ಅಪಾಯ ಹೆಚ್ಚು. ಹೋದ ಕಿವಿ ಈ ಯಾವುದರಿಂದಲೂ ಮರಳುವುದು ಅಪರೂಪ. ಬೇಗ ಹೋಗಿ ಎನ್ನುವುದು ಅದಕ್ಕೇ.

ಮಾಲೀಕರಲ್ಲಿ ಒಂದು ಬೇಡಿಕೆ: ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸುವ ನೌಕರನಿಗೆ ಪಗಾರ ಕಡಿಯದೆ ಅರ್ಧ ದಿನ ರಜೆ ಕೊಡಿ. ಮುಂಜಾನೆ ಏಳುವಷ್ಟರಲ್ಲಿ ಒಂದು ಕಿವಿ ಪೂರ್ತಿ ಹೋಗಿದ್ದರೆ ದೀಪಾವಳಿ ಸೀಸನ್ ಮುಗಿಯಲೆಂದು ಕಾಯಿಸಬೇಡಿ. ಆಗ ಸ್ಟೆರಾಯ್ಡ್ ಔಷಧಿ ಮೊದಲ ಎರಡು ವಾರದೊಳಗೆ ಸಿಕ್ಕರೆ ಹೆಚ್ಚು ಫಲ, ಅವತ್ತೇ ಕಳಿಸಿ.