ಪ್ರಶ್ನೆ ಬರೆದವರು ಯಾರು?



ಒಂದು ನಾಡು ತನಗಿಂತ ದೊಡ್ಡ ಒಕ್ಕೂಟಕ್ಕೆ ಸೇರಬೇಕೋ ಬೇಡವೋ ಅಂತ ಜನರನ್ನೇ ಕೇಳಿದರೆ ಅದು ಪ್ರಜಾಪ್ರಭುತ್ವ. ಸರಿ. ಆದರೆ ಹೇಗೆ ಕೇಳಿದರು? 1975ರ ಏಪ್ರಿಲ್ 14, ಬಾಬಾಸಾಹೇಬರು ಹುಟ್ಟಿದ ದಿನ, ಸಿಕ್ಕಿಂನಲ್ಲಿ ಓಟು ನಡೆಯಿತು. ಇಂಡಿಯಾಕ್ಕೆ ಸೇರಲು 59,637 ಓಟು, ವಿರೋಧ 1,496. ಪರೀಕ್ಷೆಗೆ ಇಷ್ಟು ಸಾಕು. ನಮಗೆ ಸಾಲದು.

ಮೊದಲು, ಅರಮನೆಗಾಗಿ ಕಣ್ಣೀರು ಹಾಕುವವರಿಗೆ ಒಂದು ಮಾತು. ಆ ದೊರೆತನದ ಕೆಳಗೆ ಕಾಜಿಗಳೆಂಬ ಜಮೀನ್ದಾರರು ರೈತರಿಂದ ಬಿಟ್ಟಿ ಚಾಕರಿ ಮಾಡಿಸಿದರು. ಅದರಲ್ಲೊಂದರ ಹೆಸರು ಕಾಲೋಭಾರಿ, ಅಂದ್ರೆ ಕರೀ ಹೊರೆ. ಟಾರು ಬಳಿದ ಮೂಟೆ ಹೊತ್ತು ಟಿಬೆಟ್ಟಿನ ಕಡೆಗೆ ಬೆಟ್ಟ ಹತ್ತಬೇಕಿತ್ತು. ಬಿಟ್ಟಿ ಅಂದ್ರೇನು ಅಂತ ನಮ್ಮ ಅಜ್ಜಂದಿರ ಬೆನ್ನನ್ನು ಕೇಳಿ, ಹೇಳುತ್ತೆ. 1947ರಲ್ಲಿ ಹುಟ್ಟಿದ ಸಿಕ್ಕಿಂ ಸ್ಟೇಟ್ ಕಾಂಗ್ರೆಸ್ ಮೂರು ಬೇಡಿಕೆ ಇಟ್ಟಿತು: ಜಮೀನ್ದಾರಿ ಹೋಗಬೇಕು, ಜನರ ಸರ್ಕಾರ ಬರಬೇಕು, ಇಂಡಿಯಾಕ್ಕೆ ಸೇರಬೇಕು. 1973ರಲ್ಲಿ ಒಬ್ಬನಿಗೆ ಒಂದು ಓಟು ಬೇಕು ಅಂತ ಜನ ಬೀದಿಗಿಳಿದರು. ಆದ್ದರಿಂದ ಆ 59,637 ಓಟನ್ನು ಬರೀ ಮೋಸ ಅನ್ನೋಕೆ ನಾವು ತಯಾರಿಲ್ಲ. ಹೊರೆ ಹೊತ್ತವರ ಸಿಟ್ಟು ಅದರಲ್ಲಿದೆ.

ಆದರೆ ಆ ಸಿಟ್ಟನ್ನು ಬಳಸಿಕೊಂಡ ರೀತಿ ನೋಡಿ. ಏಪ್ರಿಲ್ 9ಕ್ಕೆ ಇಂಡಿಯಾದ ಸೇನೆ ಅರಮನೆ ಕಾವಲಿನವರ ಕೋವಿ ಕಿತ್ತುಕೊಂಡಿತು. 10ಕ್ಕೆ ವಿಧಾನಸಭೆಯ ನಿರ್ಣಯ. 14ಕ್ಕೆ ಓಟು. ಬೆಟ್ಟದ ಹಳ್ಳಿಗಳಿಗೆ ಸುದ್ದಿ ಮುಟ್ಟಿ, ಜನ ಕೂತು ಮಾತಾಡೋಕೆ ನಾಲ್ಕು ದಿನ ಸಾಕೇ? ಪ್ರಶ್ನೆಯೂ ಒಂದಲ್ಲ, ಎರಡು. ಚೋಗ್ಯಾಲ್ ದೊರೆತನ ರದ್ದಾಗಲಿ. ಸಿಕ್ಕಿಂ ಇಂಡಿಯಾದ ಭಾಗವಾಗಲಿ. ಎರಡಕ್ಕೂ ಸೇರಿ ಒಂದೇ ಹೌದು, ಒಂದೇ ಇಲ್ಲ. ದೊರೆ ಬೇಡ, ಆದರೆ ಸೇರೋ ಮಾತು ಆಮೇಲೆ ಆಡೋಣ ಅನ್ನುವವನು ಚೀಟಿ ಎಲ್ಲಿ ಹಾಕಬೇಕಿತ್ತು? ಅವನಿಗೆ ಪೆಟ್ಟಿಗೆಯೇ ಇರಲಿಲ್ಲ.

ಇದು ಸಣ್ಣ ಮಾತಲ್ಲ. ಈ ಒಕ್ಕೂಟ ಬಿಟ್ಟು ಹೋಗುವ ಹಕ್ಕು ಯಾವ ರಾಜ್ಯಕ್ಕೂ ಇಲ್ಲ ಅಂತ ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಿಚ್ಚಿ ಹೇಳಿದ್ದರು. ಒಳಗೆ ಹೋಗೋ ಬಾಗಿಲುಂಟು, ಹೊರಗೆ ಬರೋ ಬಾಗಿಲಿಲ್ಲ. ಅಂಥ ಮನೆಗೆ ಕಾಲಿಡುವವರಿಗೆ ಯೋಚಿಸೋಕೆ ಹೆಚ್ಚು ದಿನ ಕೊಡಬೇಕು, ಕಡಿಮೆ ಅಲ್ಲ. 1975ರ ಮೇ 16ಕ್ಕೆ ಸಿಕ್ಕಿಂ ರಾಜ್ಯವಾಯಿತು. ಸರಿಯಾಗಿ 40 ದಿನಕ್ಕೆ, ಜೂನ್ 25ರಂದು, ದೇಶಕ್ಕೆಲ್ಲ ತುರ್ತುಪರಿಸ್ಥಿತಿ! ಪ್ರಜಾಪ್ರಭುತ್ವ ಬೇಕು ಅಂತ ಬಂದವರಿಗೆ ಸಿಕ್ಕ ಮೊದಲ ಉಡುಗೊರೆ ಅದು.

ಇನ್ನೂ ಒಂದಿದೆ. ಮೊದಲ ಮುಖ್ಯಮಂತ್ರಿ ಲೆಂಡುಪ್ ದೋರ್ಜಿ ದೊರೆಯ ವಿರುದ್ಧ ಹೋರಾಡಿದವರು, ನಿಜ. ಆದರೆ ಅವರೂ ಕಾಜಿ ಮನೆತನದವರೇ. ಕಬ್ಬಿಣ ಬಡಿಯುವ ಕಾಮಿ, ಬಟ್ಟೆ ಹೊಲಿಯುವ ದಮಾಯಿ, ಚರ್ಮ ಹದ ಮಾಡುವ ಸಾರ್ಕಿ, ಇವರನ್ನು ಮುಟ್ಟದೆ ದೂರ ಇಟ್ಟ ಜಾತಿ ಹೋಗಲಿ ಅನ್ನೋ ಸಾಲು ಆ ಚೀಟಿಯಲ್ಲಿ ಇರಲಿಲ್ಲ. ದೊರೆ ಹೋಗಬಹುದು, ಬಾವುಟ ಬದಲಾಗಬಹುದು. ಬಾವಿಕಟ್ಟೆಯ ಕಾನೂನು ತಾನಾಗಿ ಬದಲಾಗೋದಿಲ್ಲ.

ನಾಳೆ ನಮ್ಮನ್ನೂ ಕರೀತಾರೆ: ಈ ಪಕ್ಷಕ್ಕೆ ಸೇರಿ, ಆ ದೊಡ್ಡ ಸಂಘದೊಳಗೆ ಒಂದಾಗಿ ಅಂತ. ಕೈ ಎತ್ತೋ ಮುಂಚೆ ಕೇಳೋಣ. ಪ್ರಶ್ನೆ ಬರೆದವರು ಯಾರು? ಎಷ್ಟು ದಿನ ಕೊಟ್ಟರು? ಬಾಗಿಲಲ್ಲಿ ಕೋವಿ ಹಿಡಿದು ನಿಂತವರು ಯಾರು? ಉತ್ತರ ಹೌದು ಅಂತಲೇ ಇದ್ದರೂ ಕೇಳೋಣ.

ಜೈ ಭೀಮ್.