ಆ್ಯಪ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ

ಡಿಮೆನ್ಷಿಯಾ ಬಂದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಮೊಬೈಲಿನಲ್ಲೇ ತರಬೇತಿ ಕೊಟ್ಟುಬಿಟ್ಟರೆ ಹಳ್ಳಿಯ ಸಮಸ್ಯೆ ಮುಗಿಯಿತು ಎನ್ನುವವರು ಹೆಚ್ಚುತ್ತಿದ್ದಾರೆ. ಅಂಥವರು ಒಮ್ಮೆ ಕಡೂರಿನಿಂದ ಎಮ್ಮೆದೊಡ್ಡಿ ಕಡೆಯ ಬಸ್ಸು ಹತ್ತಬೇಕು.

ಒಂದು ಕಡೆ ಕಾಡು, ಇನ್ನೊಂದು ಕಡೆ ಮದಗದ ಕೆರೆ. ಇಂಥ ಊರುಗಳಲ್ಲಿ ಅತ್ತೆಗೋ ಮಾವನಿಗೋ ಮರೆವು ಹತ್ತಿದರೆ ನೋಡಿಕೊಳ್ಳುವವಳು ಸೊಸೆ. ಹಾಲು ಕರೆಯುವವಳೂ ಅವಳೇ, ಕೂಲಿಗೆ ಅಡಿಕೆ ಸುಲಿಯಲು ಹೋಗುವವಳೂ ಅವಳೇ. ಇರುವ ಮನೆಯಿಂದಲೇ 'ನಮ್ಮನೆಗೆ ಹೋಗ್ತೀನಿ' ಎಂದು ಮಾವ ಎದ್ದು ಹೊರಟಾಗ ಹಿಂದೆ ಓಡಲು ಇನ್ನೊಬ್ಬರು ಬೇಕು. ವಿಡಿಯೊ ಓಡುವುದಿಲ್ಲ.

ಪಟ್ಟಣದಲ್ಲಾದರೂ ಇಂಥ ತರಬೇತಿ ಫಲಿಸಿತೇ? ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್' ಎಂಬ ಆನ್‌ಲೈನ್ ತರಬೇತಿಯನ್ನು ನಿಮ್ಹಾನ್ಸ್ ತಜ್ಞರು ಪರೀಕ್ಷಿಸಿ ನೋಡಿದ್ದಾರೆ. ಅಧ್ಯಯನಕ್ಕೆ ಸೇರಿದ ಆರೈಕೆದಾರರು 151, ಕೊನೆಯವರೆಗೆ ಉಳಿದವರು 55. ತರಬೇತಿ ಪಡೆದವರು ರೋಗಿಯನ್ನು ನೋಡುವ ದೃಷ್ಟಿ ಸುಧಾರಿಸಿತು, ನಿಜ. ಆದರೆ ಅವರ ಹೊರೆ, ಖಿನ್ನತೆ ಇಳಿದದ್ದಕ್ಕೆ ಗಟ್ಟಿ ಪುರಾವೆ ಸಿಗಲಿಲ್ಲ. ಇದು ಇಂಟರ್ನೆಟ್ಟೂ ಇಂಗ್ಲಿಷೂ ಬಲ್ಲವರ ಕಥೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಂದಾಜಿನ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಷಿಯಾ ಇರುವವರು ನಗರದಲ್ಲಿ ಶೇ 5.3, ಹಳ್ಳಿಯಲ್ಲಿ ಶೇ 8.4. ರೋಗ ಹೆಚ್ಚಿರುವ ಕಡೆಗೆ ಮದ್ದು ಕಡಿಮೆ ಎಂದಾಯಿತು.

ಫೋನೇ ಬೇಡವೆಂದು ನಾನು ಹೇಳುತ್ತಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹೊತ್ತಲ್ಲದ ಹೊತ್ತಿನಲ್ಲೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ರಾತ್ರಿಯಿಡೀ ನಿದ್ದೆಗೆಟ್ಟವರಿಗೆ ಅದು ಸಣ್ಣ ಆಸರೆಯಲ್ಲ. ಓದಲು ಬಾರದವರೂ ಮಾತಾಡಬಲ್ಲರು. ಹಾಗಾಗಿ ಖರ್ಚು ಮಾಡುವುದಿದ್ದರೆ ಇಂಥ ಕರೆ ಸೇವೆಗೆ ಮಾಡಲಿ. ಇನ್ನೊಂದು ಆ್ಯಪ್ ತಂದು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟುವುದು ಮಾತ್ರ ಬೇಡ. ಕೆಲಸದ ವಿವರ ದಾಖಲಾಗುವ ಆನ್‌ಲೈನ್ ಪೋರ್ಟಲ್‌ಗೂ ತಮ್ಮ ಪ್ರೋತ್ಸಾಹಧನಕ್ಕೂ ಹಾಕಿದ ಗಂಟು ಬಿಚ್ಚಿ ಎಂದು ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತದ್ದು ಇಷ್ಟು ಬೇಗ ಮರೆತುಹೋಯಿತೇ?

ನನ್ನ ತಕರಾರು ಇರುವುದು ದುಡ್ಡಿನ ವಿಷಯದಲ್ಲಿ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿತು. ಒಳ್ಳೆಯ ಕೆಲಸ. ಆದರೆ ಆ ಘೋಷಣೆಯಲ್ಲಿ ಡಿಮೆನ್ಷಿಯಾದ ಹೆಸರೇ ಇರಲಿಲ್ಲ. ಕೈ ನಡುಗಿದರೆ ವಿಧಾನಸೌಧಕ್ಕೆ ಕಾಣುತ್ತದೆ. ಹೆತ್ತ ಮಗನ ಗುರುತೇ ಸಿಗದಂತಾದರೆ ಅದು ವಯಸ್ಸಿನ ದೋಷ!

ಆ ಪಟ್ಟಿಗೆ ಡಿಮೆನ್ಷಿಯಾ ಸೇರಿಸಿದರೆ ಮುದುಕರಿರುವ ಮನೆಯವರೆಲ್ಲ ಅರ್ಜಿ ಹಿಡಿದು ಬರುತ್ತಾರೆ ಎಂಬ ಭಯ ಕೆಲವರಿಗಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಕೂರಲೆಂದೇ ರಾಜ್ಯ ರೂಪಿಸಿದ 'ಮನೋಚೈತನ್ಯ' ಕಾರ್ಯಕ್ರಮವಿದೆ. ಪರೀಕ್ಷೆ ಅಲ್ಲಾಗಲಿ, ಪ್ರಮಾಣಪತ್ರವನ್ನೂ ಅಲ್ಲೇ ಕೊಡಲಿ. ಕಾಯಿಲೆ ಯಾವುದು, ಬರೀ ಮುಪ್ಪು ಯಾವುದು ಎಂದು ಹೇಳಬೇಕಾದವರು ವೈದ್ಯರೇ ಹೊರತು ಖಜಾನೆಯ ಗುಮಾಸ್ತರಲ್ಲ.

ಸಾವಿರ ರೂಪಾಯಿ ಏನೇನೂ ಸಾಲದು. ಆದರೂ ಅಡಿಕೆ ಸುಗ್ಗಿಯಲ್ಲಿ ನಾಲ್ಕು ದಿನ ಕೂಲಿ ತಪ್ಪಿಸಿಕೊಂಡು ಮನೆಯಲ್ಲಿ ಉಳಿದವಳಿಗೆ ಅದು ಆರೈಕೆಗೆಂದೇ ಸರ್ಕಾರದಿಂದ ಬಂದ ಮೊದಲ ಹಣವಾದೀತು. ಕಡೂರು, ತರೀಕೆರೆಯ ಶಾಸಕರು ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಕೇಳಲಿ: ಆ ಪಟ್ಟಿಗೆ ಡಿಮೆನ್ಷಿಯಾ ಸೇರಿಸಿ.